ಡಬ್ಲ್ಯೂಡಿ ಪರ್ಪಲ್ 2 ಟಿಬಿ: ಹಳೆಯ ಡಿವಿಆರ್‌ನೊಳಗೆ ಎರಡು ಮಳೆಗಾಲ

ಸಕಲೇಶಪುರ ತಾಲ್ಲೂಕಿನ ನಮ್ಮ ತೋಟದಲ್ಲಿ ಗೇಟು, ಕಾಫಿ ಕಣ, ಗೋದಾಮು ಮತ್ತು ಮನೆಯಂಗಳಕ್ಕೆ ಸೇರಿ ನಾಲ್ಕು ಕ್ಯಾಮೆರಾಗಳಿವೆ. ಅವುಗಳ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಳೆಯದು, ವಿಡಿಯೋ ಕುಗ್ಗಿಸುವ ಹಳೆಯ ವಿಧಾನವಾದ ಎಚ್.264 ಮಾತ್ರ ಬಲ್ಲದು. ಅದರೊಳಗೆ ಮೊದಲಿನಿಂದ ಇದ್ದದ್ದು ಕಂಪ್ಯೂಟರಿಗೆ ಹಾಕುವ ಸಾಮಾನ್ಯ 1 ಟಿಬಿ ಹಾರ್ಡ್ ಡಿಸ್ಕ್. ಅದು ಕೈಕೊಡಲು ಶುರುಮಾಡಿದಾಗ ಕಣ್ಗಾವಲಿಗೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್ 2 ಟಿಬಿ ಕೊಂಡೆ. ಎರಡು ಮಳೆಗಾಲ ಕಳೆದ ಮೇಲೆ ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಕೊಳ್ಳುವುದಕ್ಕಿಂತ ಕಷ್ಟದ್ದು ಹಳೆಯ ಡಿಸ್ಕಿನಲ್ಲಿದ್ದುದನ್ನು ಉಳಿಸಿಕೊಳ್ಳುವ ಕೆಲಸ.

ಡಿವಿಆರ್ ಡಿಸ್ಕ್ ಕೆಡುವುದು ಬೇಗ ಗೊತ್ತಾಗುವುದಿಲ್ಲ, ಏಕೆಂದರೆ ಟಿವಿಯಲ್ಲಿ ನಾವು ದಿನವೂ ನೋಡುವ ನೇರ ದೃಶ್ಯ ಡಿಸ್ಕಿನಿಂದ ಬರುವುದೇ ಇಲ್ಲ. ಹಳೆಯ ರೆಕಾರ್ಡಿಂಗ್ ತೆರೆದಾಗ ಮಾತ್ರ ಚಿತ್ರ ನಿಂತು, ಕೆಲವು ಸೆಕೆಂಡು ಬಿಟ್ಟು ಮುಂದಕ್ಕೆ ಹಾರುತ್ತಿತ್ತು. ಡಿವಿಆರ್‌ನ ಮೆನು ಆಗಲೂ ಡಿಸ್ಕಿನ ಮುಂದೆ ‘ನಾರ್ಮಲ್’ ಎಂದೇ ತೋರಿಸುತ್ತಿತ್ತು. ಡಿಸ್ಕನ್ನು ಬಿಚ್ಚಿ, ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್‌ಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿದಾಗ ಬೇರೆಯೇ ಕಥೆ: 5ನೇ ಸಾಲಿನಲ್ಲಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರ್‌ಗಳು (ಡಿಸ್ಕಿನ ಅತಿ ಚಿಕ್ಕ ತುಂಡುಗಳು), 197ನೇ ಸಾಲಿನಲ್ಲಿ ಓದಲಾಗದೆ ಬಾಕಿ ಉಳಿದವು. ಡಿಸ್ಕ್ ಮತ್ತು ಯಂತ್ರದ ನಡುವೆ ದತ್ತಾಂಶ ಸಾಗುವಾಗಿನ ತಪ್ಪುಗಳನ್ನು ಎಣಿಸುವ 199ನೇ ಸಾಲು ಮಾತ್ರ ಏರಿದ್ದರೆ ಕೇಬಲ್ ಬದಲಿಸಿ ಸುಮ್ಮನಾಗಬಹುದಿತ್ತು. 197 ಏರಿದಾಗ ಕಾಯುವುದರಲ್ಲಿ ಅರ್ಥವಿಲ್ಲ.

ಆ ಡಿಸ್ಕಿನಲ್ಲಿ ಕಾಡಾನೆ ಗೇಟು ಮುರಿದು ಒಳನುಗ್ಗಿದ ರಾತ್ರಿಯ ದೃಶ್ಯವಿತ್ತು, ಅದನ್ನು ಪರಿಹಾರದ ಅರ್ಜಿಯೊಂದಿಗೆ ಕೊಡಬೇಕಿತ್ತು. ಡಿವಿಆರ್‌ನಿಂದಲೇ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಲು ಹೋದರೆ ಅದೇ ತುಣುಕಿನ ಮಧ್ಯೆ ಯಂತ್ರ ನಿಂತುಬಿಡುತ್ತಿತ್ತು. ಇಲ್ಲಿ ಒಂದು ಎಚ್ಚರಿಕೆ. ಹೆಚ್ಚಿನ ಡಿವಿಆರ್‌ಗಳು ತಮ್ಮದೇ ಫೈಲ್ ವ್ಯವಸ್ಥೆಯನ್ನು ಬಳಸುವುದರಿಂದ, ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದೊಡನೆ ಅದು ಖಾಲಿಯೆಂದು ಭಾವಿಸಿ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಒಪ್ಪಿದರೆ ಆನೆಯೂ ಹೋಯಿತು, ಗೇಟೂ ಹೋಯಿತು. ನಾನು ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ, ಕೆಟ್ಟ ಡಿಸ್ಕಿನಿಂದ ದತ್ತಾಂಶ ಉಳಿಸುವ ತಂತ್ರಾಂಶ ಬಳಸಿದೆ. ಅದು ಫೈಲ್‌ಗಳ ಗೊಡವೆಗೆ ಹೋಗದೆ ಸೆಕ್ಟರ್ ಸೆಕ್ಟರ್ ಆಗಿ ಇಡೀ ಡಿಸ್ಕನ್ನು ನಕಲು ಮಾಡುತ್ತದೆ, ಸುಲಭವಾಗಿ ಓದಬಹುದಾದ ಭಾಗವನ್ನು ಮೊದಲು ಎತ್ತಿಕೊಂಡು ಕೆಟ್ಟ ಭಾಗವನ್ನು ಕೊನೆಗೆ ಕೆದಕುತ್ತದೆ, ಮತ್ತು ಎಲ್ಲಿಯವರೆಗೆ ಬಂದೆನೆಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಮಲೆನಾಡಿನ ಕರೆಂಟಿಗೆ ಹೇಳಿ ಮಾಡಿಸಿದ ಗುಣವಿದು. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಡಿಸ್ಕಿನ ಮೇಲಿನ ಸೀರಿಯಲ್ ನಂಬರ್ ಹೋಲಿಸಿಯೇ ಖಚಿತಪಡಿಸಿಕೊಳ್ಳಬೇಕು. ಅದಲು ಬದಲಾದರೆ ಖಾಲಿ ಡಿಸ್ಕ್ ಹಳೆಯದರ ಮೇಲೆ ಬರೆಯಲ್ಪಡುತ್ತದೆ. ಆರೋಗ್ಯವಾಗಿರುವ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಓದಿದರೂ 3 ಗಂಟೆ ಸಮೀಪಿಸುತ್ತದೆ. ಕೆಟ್ಟದ್ದಕ್ಕೆ ಅದೆಷ್ಟೋ ಪಟ್ಟು ಬೇಕಾಗಬಹುದು.

ನಕಲನ್ನು ಹೊಸ ಪರ್ಪಲ್‌ಗೇ ಇಳಿಸಿ ಡಿವಿಆರ್‌ಗೆ ಹಾಕಿದೆ. ಅದು ತಕರಾರಿಲ್ಲದೆ ಹಳೆಯ ರೆಕಾರ್ಡಿಂಗ್‌ಗಳನ್ನು ತೋರಿಸಿತು, ಆನೆಯ ದೃಶ್ಯವೂ ಒಂದೆರಡು ಕಲೆಗಳೊಂದಿಗೆ ಪೂರ್ತಿ ಸಿಕ್ಕಿತು. ಆದರೆ ನಕಲು ಹಳೆಯ ಡಿಸ್ಕಿನ ಅಳತೆಯನ್ನೂ ಹೊತ್ತು ತಂದಿದ್ದರಿಂದ ಡಿವಿಆರ್ 1 ಟಿಬಿಯನ್ನಷ್ಟೇ ಕಂಡಿತು. ಬೇಕಾದ ತುಣುಕುಗಳನ್ನು ಪೆನ್‌ಡ್ರೈವ್‌ಗೆ ತೆಗೆದು, ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಡಿವಿಆರ್‌ನ ಮೆನುವಿನಲ್ಲಿ ಫಾರ್ಮ್ಯಾಟ್ ಮಾಡಿ ಪೂರ್ತಿ ಜಾಗ ಪಡೆದೆ.

ಇನ್ನು ಡಿಸ್ಕಿನ ವಿಷಯ. ವರ್ಷಕ್ಕೆ 180 ಟಿಬಿ ಕೆಲಸದ ಹೊರೆಗೆ ಮಾಡಿದ್ದು ಎಂಬುದು ಇದರ ದೊಡ್ಡ ಪ್ರಚಾರ. ನಮ್ಮ ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ. ನಾಲ್ಕೂ ಸೇರಿ ದಿನಕ್ಕೆ ಸುಮಾರು 86 ಜಿಬಿ, ವರ್ಷಕ್ಕೆ 32 ಟಿಬಿಯೂ ಆಗುವುದಿಲ್ಲ. ಆದ್ದರಿಂದ ನಮ್ಮಂಥವರಿಗೆ ಆ ಸಂಖ್ಯೆ ಮುಖ್ಯವಲ್ಲ. ಓದಲು ಕಷ್ಟವಾದ ಸೆಕ್ಟರ್ ಎದುರಾದಾಗ ಸಾಮಾನ್ಯ ಡಿಸ್ಕ್ ಪಟ್ಟುಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟರಲ್ಲಿ ಕ್ಯಾಮೆರಾದ ಚಿತ್ರಗಳು ಬಂದು ಕಳೆದುಹೋಗುತ್ತವೆ. ಕಣ್ಗಾವಲಿನ ಡಿಸ್ಕ್ ಅದನ್ನು ಬೇಗ ಬಿಟ್ಟು ಮುಂದಿನದನ್ನು ಬರೆಯುತ್ತದೆ. ವಿಡಿಯೋಗೆ ಒಂದು ಚುಕ್ಕೆ ಕೆಟ್ಟರೆ ನಷ್ಟವಿಲ್ಲ. ಇದೇ ಕಾರಣಕ್ಕೆ ಈ ಡಿಸ್ಕನ್ನು ತೋಟದ ಲೆಕ್ಕಪತ್ರವಿರುವ ಕಂಪ್ಯೂಟರಿಗೆ ಹಾಕಲು ನಾನು ಒಪ್ಪುವುದಿಲ್ಲ.

ಸದ್ದು ಕಡಿಮೆ, ಬಿಸಿಯೂ ಕಡಿಮೆ. ಮಳೆಗಾಲ ಮುಗಿದಾಗಲೆಲ್ಲ ತೆಗೆದು ಪರೀಕ್ಷಿಸುತ್ತೇನೆ: 5 ಮತ್ತು 197ನೇ ಸಾಲುಗಳು ಈಗಲೂ ಸೊನ್ನೆ. ಕರೆಂಟ್ ಹಠಾತ್ತನೆ ಹೋದಾಗ ಏರುವ 192ನೇ ಸಾಲು ಮೊದಲ ಮಳೆಗಾಲದಲ್ಲಿ ಗಾಬರಿಯಾಗುವಷ್ಟು ಏರಿತ್ತು. ಡಿವಿಆರ್‌ನ 12 ವೋಲ್ಟ್ ಲೈನಿಗೆ ಸಣ್ಣ ಯುಪಿಎಸ್ ಹಾಕಿದ ಮೇಲೆ ಹೆಚ್ಚುಕಡಿಮೆ ನಿಂತಿದೆ. ಈಗ 2 ಟಿಬಿಯಲ್ಲಿ ಸುಮಾರು 23 ದಿನದ ರೆಕಾರ್ಡಿಂಗ್ ಉಳಿಯುತ್ತದೆ. ಕ್ಯಾಮೆರಾ ಎಂಟಾದರೆ ಅದು ಅರ್ಧಕ್ಕಿಳಿಯುತ್ತದೆ. ನಾಲ್ಕೇ ಕ್ಯಾಮೆರಾ ಇದ್ದರೂ, ಕಾಫಿ ಕೊಯ್ಲಿನ ಕಾಲದಲ್ಲಿ ತಿಂಗಳ ದಾಖಲೆ ಬೇಕೆನ್ನುವವರು 4 ಟಿಬಿಯದನ್ನೇ ಕೊಳ್ಳುವುದು ಒಳ್ಳೆಯದು. ತಮ್ಮ ಡಿವಿಆರ್ ಅಷ್ಟು ದೊಡ್ಡ ಡಿಸ್ಕನ್ನು ಗುರುತಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಂಡ ಮೇಲೆ.