ಬೈಬಲ್ ಶಾಲೆ, ಮನೆಪಾಠ, ಬಲ್ಮಠ: ಸೇವೆಗೆ ಹೋಗುವವರು ಎಲ್ಲಿ ಓದಬೇಕು?

ಸೇವೆಗೆ, ಅಂದರೆ ಪಾದ್ರಿಯಾಗಿ ಕ್ರೈಸ್ತ ಸಭೆಯ (ಚರ್ಚಿನ) ಕೆಲಸಕ್ಕೆ ಹೋಗಬೇಕು ಅಂತ ಮನಸ್ಸು ಮಾಡಿದವರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ನನಗೆ ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ, ಎಲ್ಲಿ ಓದೋದು? ನನ್ನ ಉತ್ತರವೂ ಒಂದೇ. ಮನೆಯ ಪರಿಸ್ಥಿತಿ ಒಪ್ಪಿದರೆ ಸೀದಾ ಮಂಗಳೂರಿನ ಬಲ್ಮಠಕ್ಕೆ ಹೋಗಿ, ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ದೇವಶಾಸ್ತ್ರದ ಪದವಿ) ಮಾಡಿ. ನಾನು ಮೂರು ಕಡೆ ಓದಿದ್ದೇನೆ. ಮೊದಲು ನಮ್ಮ ಭಾಗದಲ್ಲೇ ಒಂದೇ ಪಂಗಡದವರು ನಡೆಸುವ ಬೈಬಲ್ ಶಾಲೆ. ಆಮೇಲೆ ಟಾಫ್ಟಿ (TAFTEE) ಅನ್ನುವ ಸಂಸ್ಥೆಯ ಪಾಠ, ಮನೆಯಲ್ಲಿ ಕೂತು ಓದುವ ದೇವಶಾಸ್ತ್ರದ ಕೋರ್ಸ್. ಕೊನೆಗೆ ಬಲ್ಮಠ. ಸಿಲಬಸ್, ಹಾಸ್ಟೆಲ್ ವ್ಯವಸ್ಥೆ ಇವೆಲ್ಲ ಪ್ರಾಸ್ಪೆಕ್ಟಸ್‌ನಲ್ಲಿ ಸಿಗುತ್ತವೆ. ಅಲ್ಲಿ ಸಿಗದ್ದನ್ನು ಬರೆಯುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಗೋಳು ಹೊಯ್ದುಕೊಂಡದ್ದು ಸರ್ಟಿಫಿಕೇಟ್. ಬೈಬಲ್ ಶಾಲೆಗೆ ಸೇರುವಾಗ ‘ನಮ್ಮದು ಮಾನ್ಯತೆ ಇರುವ ಕೋರ್ಸ್’ ಅಂತ ಆಫೀಸಿನವರು ಹೇಳಿದ್ದರು. ಅರ್ಜಿಯ ಮೇಲೂ ಹಾಗೇ ಅಚ್ಚಾಗಿತ್ತು. ಯಾರ ಮಾನ್ಯತೆ ಅಂತ ಎಲ್ಲೂ ಇರಲಿಲ್ಲ. ವರ್ಷ ಮುಗಿದ ಮೇಲೆ ಬಂಗಾರದ ಬಣ್ಣದ ಮುದ್ರೆಯ ಸರ್ಟಿಫಿಕೇಟ್ ಹಿಡಿದು ಸಂದರ್ಶನಕ್ಕೆ ಹೋದೆ. ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಧಾರವಾಡದಲ್ಲಿ ಕೇಂದ್ರ ಇರುವ, ಒಬ್ಬ ಬಿಷಪ್ ಆಡಳಿತದ ಕರ್ನಾಟಕ ಉತ್ತರ ಡಯಾಸಿಸ್‌ಗೆ ಸೇರಿದ್ದು. ಮೇಜಿನ ಆಚೆ ಕೂತಿದ್ದ ಹಿರಿಯ ಅಯ್ಯನವರು (ಪಾದ್ರಿ) ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸೆರಾಂಪುರದ್ದೇನವ್ವಾ ಇದು?” ಅಂತ ಕೇಳಿದರು. ಅಲ್ಲ ಅಂತ ಗೊತ್ತಾದ ಮೇಲೆ ಬೇಸರದಿಂದಲೇ ವಾಪಸ್ ಕೊಟ್ಟರು.

ಅಲ್ಲಿಂದ ಶುರುವಾಯಿತು ಫೋನ್ ಮಾಡುವ ಕೆಲಸ. ಶಾಲೆಯವರು ಮೊದಲು ‘ಪತ್ರ ಕಳಿಸುತ್ತೇವೆ’ ಅಂದರು. ಆಮೇಲೆ ‘ಹೊರದೇಶದ ಸಂಸ್ಥೆಯ ಮಾನ್ಯತೆ ಇದೆ, ಅದು ಸಾಕು’ ಅಂದರು. ಆ ಸಂಸ್ಥೆಯ ಹೆಸರು ಕೇಳಿದರೆ ಹೇಳುವವರು ರಜೆಯಲ್ಲಿ ಇರುತ್ತಿದ್ದರು. ಪರಿಶೀಲನಾ ಪತ್ರಕ್ಕೆ ಬೇರೆ ಶುಲ್ಕ ಕಟ್ಟಿಸಿಕೊಂಡರು. ಪತ್ರ ಬಂತು. ನಾನು ಅಲ್ಲಿ ಓದಿದ್ದು ನಿಜ ಅಂತ ಒಂದೇ ಸಾಲು ಇತ್ತು. ಮಾನ್ಯತೆಯ ಮಾತೇ ಇಲ್ಲ. ಅಪ್ಪ ಮಗ್ಗದ ಕೂಲಿಯಲ್ಲಿ ಉಳಿಸಿ ಕಟ್ಟಿದ ಫೀಸ್ ಅದು. ವಾಪಸ್ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಆ ವರ್ಷದ ಓದು ನನ್ನ ಬಿ.ಡಿ.ಗೆ ಒಂದು ದಿನದಷ್ಟೂ ಲೆಕ್ಕಕ್ಕೆ ಬರಲಿಲ್ಲ.

ಸೆರಾಂಪುರ ಅಂದರೆ ಪಶ್ಚಿಮ ಬಂಗಾಳದ ಶ್ರೀರಾಂಪುರ. ವಿಲಿಯಂ ಕೇರಿ ಮತ್ತು ಜೊತೆಗಾರರು ಅಲ್ಲಿ 1818ರಲ್ಲಿ ಕಾಲೇಜು ಕಟ್ಟಿದರು. ಆಗ ಆ ಊರು ಡೇನರ ಕೈಯಲ್ಲಿತ್ತು. ಹಾಗಾಗಿ 1827ರಲ್ಲಿ ಡೆನ್ಮಾರ್ಕ್ ದೊರೆಯೇ ಪದವಿ ಕೊಡುವ ಸನ್ನದು ಕೊಟ್ಟರು. 1918ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೂ ಆಯಿತು. ಇವತ್ತು ದೇಶದ ಬೇರೆ ಬೇರೆ ಸೆಮಿನರಿಗಳು (ಪಾದ್ರಿಗಳನ್ನು ತಯಾರು ಮಾಡುವ ಕಾಲೇಜುಗಳು) ಪಾಠ ಮಾಡುತ್ತವೆ, ಪದವಿ ಕೊಡುವುದು ಸೆರಾಂಪುರದ ಸೆನೆಟ್. ಸಿ.ಎಸ್.ಐ., ಮೆಥಡಿಸ್ಟ್‌ನಂಥ ದೊಡ್ಡ ಸಭೆಗಳಲ್ಲಿ ಆರ್ಡಿನೇಶನ್ (ಪಾದ್ರಿ ದೀಕ್ಷೆ) ಮಾತು ಬಂದಾಗ ಮೊದಲು ಕೇಳುವುದು ಇದನ್ನೇ. ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ ಅಂತ ಇನ್ನೊಂದಿದೆ, ಇವ್ಯಾಂಜೆಲಿಕಲ್ ಕಾಲೇಜುಗಳು ಅದರ ಮಾನ್ಯತೆ ಪಡೆಯುತ್ತವೆ. ಅದೂ ಒಳ್ಳೆಯದೇ. ಆದರೆ ನಿಮ್ಮ ಸಭೆ ಅದನ್ನು ಒಪ್ಪುತ್ತದಾ ಅಂತ ಫೀಸ್ ಕಟ್ಟುವ ಮೊದಲೇ ಕೇಳಿ. ಶಾಲೆಯವರನ್ನು ಕೇಳಿ ಸುಮ್ನೆ ಆಗಬೇಡಿ. ನಿಮ್ಮ ಡಯಾಸಿಸ್ ಆಫೀಸಿನಲ್ಲಿ ಕೇಳಿ, ಮೆಥಡಿಸ್ಟರಾದರೆ ನಿಮ್ಮ ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಅವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಇಸಿದುಕೊಳ್ಳಿ.

ಪಾಠದ ವಿಷಯಕ್ಕೆ ಬರೋಣ. ಒಂದೇ ಭಾಗವನ್ನು ನಾನು ಮೂರೂ ಕಡೆ ಓದಿದೆ, ಯೇಸುವಿನ ಜನನ. ಬೈಬಲ್ ಶಾಲೆಯಲ್ಲಿ ನೋಟ್ಸ್ ಬರೆಸಿದರು. ಕುರುಬರು, ಜೋಯಿಸರು, ನಕ್ಷತ್ರ, ಗೋದಲಿ (ಕೂಸನ್ನು ಮಲಗಿಸಿದ ದನದ ಮೇವಿನ ತೊಟ್ಟಿ) ಎಲ್ಲ ಸೇರಿಸಿ ಒಂದೇ ಕಥೆ. ಮತ್ತಾಯನ ಸುವಾರ್ತೆಯಲ್ಲಿ ಗೋದಲಿ ಕಾಣುವುದಿಲ್ಲವಲ್ಲ ಅಂತ ಕೇಳಿದೆ. ನಂಬಿಕೆ ಕಡಿಮೆ ಇರುವವರಿಗೆ ಇಂಥ ಸಂಶಯ ಬರುತ್ತದೆ ಅಂತ ಕೂರಿಸಿಬಿಟ್ಟರು. ಟಾಫ್ಟಿ ಪಾಠದ ಪುಸ್ತಕ ಇದಕ್ಕಿಂತ ಎಷ್ಟೋ ಮೇಲು. ಓದು, ಯೋಚಿಸು, ಇಲ್ಲಿ ಉತ್ತರ ಬರಿ ಅಂತ ಪ್ರಶ್ನೆ ಕೇಳುತ್ತದೆ. ಮನೆಯಲ್ಲಿ ಬರೆದದ್ದನ್ನು ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಚರ್ಚೆ ಮಾಡಬೇಕು. ನಮ್ಮ ಗುಂಪಿನಲ್ಲಿ ಒಬ್ಬರು ಆಸ್ಪತ್ರೆ ಸಿಸ್ಟರ್, ಒಬ್ಬರು ಮೇಷ್ಟ್ರು. ಅವರ ಶಿಫ್ಟು, ಇವರ ಇಲೆಕ್ಷನ್ ಡ್ಯೂಟಿ ಅಂತ ವಾರ ತಪ್ಪುತ್ತಾ ಹೋಗಿ ಗುಂಪೇ ಕರಗಿತು. ಪಾಠದಲ್ಲಿ ಏನೂ ಕೊರತೆ ಇರಲಿಲ್ಲ, ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಬಲ್ಮಠದಲ್ಲಿ ಮೇಷ್ಟ್ರು ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ ಅಂದರು. ಎಡಕ್ಕೆ ಮತ್ತಾಯ, ಬಲಕ್ಕೆ ಲೂಕ, ಬೈಬಲ್‌ನಲ್ಲಿ ಯೇಸುವಿನ ಜನನದ ಕಥೆ ಇರುವ ಎರಡು ಸುವಾರ್ತೆಗಳು. ಕಂಡದ್ದನ್ನಷ್ಟೇ ಬರೆಯಬೇಕು. ಎಡಕ್ಕೆ ಹೆರೋದ, ನಕ್ಷತ್ರ, ಜೋಯಿಸರು, ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿದ್ದು ಬಂತು. ಜೋಯಿಸರು ಮೂವರು ಅಂತ ಎಲ್ಲೂ ಇಲ್ಲ, ಅವರು ಬಂದದ್ದೂ ಮನೆಗೆ. ಬಲಕ್ಕೆ ಖಾನೇಷುಮಾರಿ (ಜನಗಣತಿ), ಗೋದಲಿ, ಕುರುಬರು. ಹಾಳೆ ತುಂಬಿದ ಮೇಲೆ ಚರ್ಚೆ ಶುರು. ಮಕ್ಕಳನ್ನು ಕೊಲ್ಲಿಸುವ ಹೆರೋದನನ್ನು ನೋಡಿ ಯೆಹೂದ್ಯ ಓದುಗನಿಗೆ ಹಿಂದೆ ಐಗುಪ್ತದಲ್ಲಿ ಗಂಡುಕೂಸುಗಳನ್ನು ಕೊಲ್ಲಿಸಿದ ದೊರೆ ಫರೋಹ ನೆನಪಾಗುತ್ತಾನೆ, ಅವನ ಕೈಯಿಂದ ಉಳಿದ ಮೋಶೆಯೂ ನೆನಪಾಗುತ್ತಾನೆ. ಲೂಕ ಮೊದಲ ಸುದ್ದಿಯನ್ನು ಹೊಲದಲ್ಲಿ ರಾತ್ರಿ ಕಾಯುವ ಬಡವರ ಬಾಯಿಗೆ ಕೊಡುತ್ತಾನೆ. ಇದನ್ನು ಕೇಳುತ್ತಿದ್ದಾಗ ನಮ್ಮ ಕಡೆಯ ಕುರಿಹಿಂಡುಗಳೇ ಕಣ್ಣ ಮುಂದೆ ಬಂದವು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆ ಅಂತ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಕುರಿಯವರು ಚಳಿಯಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಆ ಕ್ರಿಸ್ಮಸ್‌ಗೆ ಊರಿನಲ್ಲಿ ಬರೀ ಕುರುಬರ ಮೇಲೆ ಪ್ರಸಂಗ (ಆರಾಧನೆಯ ಉಪದೇಶ) ಮಾಡಿದೆ. ನನ್ನ ನಂಬಿಕೆ ಕಡಿಮೆಯಾಗಲಿಲ್ಲ. ಇನ್ನೂ ಗಟ್ಟಿಯಾಯಿತು.

ಬೇರೆ ಬೇರೆ ಪಂಗಡದವರ ಜೊತೆ ಓದಿದರೆ ಸ್ವಂತ ಸಭೆಯ ಹಿಡಿತ ಸಡಿಲ ಆಗುತ್ತದೆ ಅಂತ ನಮ್ಮ ಹಿರಿಯರಿಗೆ ಭಯ ಇತ್ತು. ನಮ್ಮ ಜಿಲ್ಲೆಗಳಲ್ಲಿ ಸೇವೆ ಮಾಡುವವರಿಗೆ ಈ ಒಡನಾಟವೇ ಬೇಕು. ಬೆಳಗಾವಿಗೆ 1820ರಲ್ಲಿ ಬಂದದ್ದು ಲಂಡನ್ ಮಿಷನ್. 1904ರಲ್ಲಿ ಆ ಕೆಲಸ ಮೆಥಡಿಸ್ಟರಿಗೆ ಹೋಯಿತು. ನಮ್ಮ ಭಾಗದ ಗುಳೇದಗುಡ್ಡಕ್ಕೆ 1851ರಲ್ಲಿ ಬಂದದ್ದು ಬಾಸೆಲ್ ಮಿಷನ್, ಆ ಸಭೆಗಳು ಮುಂದೆ ಸಿ.ಎಸ್.ಐ. ಸೇರಿದವು. ಹಾಗಾಗಿ ಬೆಳಗಾವಿಯ ನಮ್ಮ ಬೀಗರು ಮೆಥಡಿಸ್ಟರು, ನಾವು ಸಿ.ಎಸ್.ಐ., ಪಕ್ಕದ ಓಣಿಯಲ್ಲಿ ಪೆಂಟೆಕೋಸ್ತಲ್ ಪ್ರಾರ್ಥನಾ ಕೂಟ. ಮದುವೆ, ಮಣ್ಣು ಅಂದರೆ ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಒಂದೇ ಪಂಗಡದ ಶಾಲೆಯಲ್ಲಿ ಉಳಿದವರ ಬಗ್ಗೆ ನಾನು ಕಲಿತದ್ದು ಅವರ ತಪ್ಪುಗಳ ಪಟ್ಟಿ ಮಾತ್ರ.

ಬಲ್ಮಠದಲ್ಲಿ ಒಮ್ಮೆ ಚಾಪೆಲ್ ಆರಾಧನೆಯ ತಯಾರಿ ನಮ್ಮ ಗುಂಪಿಗೆ ಬಂತು. ಕರ್ತನ ಭೋಜನದ (ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿಯ) ಮೇಜಿಗೆ ಬಿಳಿ ಬಟ್ಟೆ ಹಾಸಿ ಆಗಿತ್ತು. ಬೆಳಗಾವಿ ಕಡೆಯ ಮೆಥಡಿಸ್ಟ್ ಗೆಳೆಯ ಸಣ್ಣ ಸಣ್ಣ ಲೋಟಗಳ ತಟ್ಟೆ ತಂದ. ನಾನು ಒಂದೇ ದೊಡ್ಡ ಪಾತ್ರೆ ತಂದಿದ್ದೆ. ಒಂದೇ ಪಾತ್ರೆಯಲ್ಲಿ ಕುಡಿದರೇ ಒಂದೇ ದೇಹ ಅಂತ ನನ್ನ ವಾದ. ಕಾಯಿಲೆಯವರು, ಮುದುಕರು ಹಿಂಜರಿಯದೆ ಮುಂದೆ ಬರಬೇಕಲ್ವಾ ಅಂತ ಅವನದು. ಅವನ ಅಜ್ಜಿಗೆ ಕ್ಷಯ ಇತ್ತಂತೆ, ಅದೇ ಕಾರಣಕ್ಕೆ ಹಿಂದಿನ ಬೆಂಚಿನಲ್ಲೇ ಕೂತುಬಿಡುತ್ತಿದ್ದರಂತೆ. ನನಗೆ ಮಾತು ಹೊರಡಲಿಲ್ಲ. ಆ ದಿನ ಲೋಟಗಳನ್ನೇ ಇಟ್ಟೆವು. ನಾನು ಇವತ್ತಿಗೂ ಒಂದೇ ಪಾತ್ರೆಯ ಪಕ್ಷದವಳು, ಆದರೆ ಹಿಂದಿನ ಬೆಂಚು ನೋಡದೆ ಬಡಿಸುವುದಿಲ್ಲ.

ಅನ್ಯಧರ್ಮಗಳ ಪಾಠವೂ ಅಷ್ಟೇ ಉಪಯೋಗಕ್ಕೆ ಬಂತು. ನಮ್ಮ ನೆರೆಹೊರೆ ಪೂರ್ತಿ ಲಿಂಗಾಯತರು. ವಚನಗಳನ್ನು ಗೌರವದಿಂದ ಓದಲು ನನಗೆ ಕಲಿಸಿದ್ದು ಸೆಮಿನರಿ. ರಜೆಯಲ್ಲಿ ಕರಾವಳಿಯ ಗೆಳತಿಯರು ನಮ್ಮ ಮನೆಗೆ ಬಂದಾಗ ಕೂಡಲಸಂಗಮಕ್ಕೂ ಹೋಗಿ ಬಂದೆವು.

ಹೆಣ್ಣುಮಕ್ಕಳಿಗೆ ಒಂದು ಮಾತು. ಬೈಬಲ್ ಶಾಲೆಯಲ್ಲಿ ಪ್ರಸಂಗದ ತರಗತಿ ಗಂಡಸರಿಗೆ, ಸಂಡೇ ಸ್ಕೂಲ್ ತರಬೇತಿ ನಮಗೆ. ಸಿ.ಎಸ್.ಐ.ನಲ್ಲಿ 2013ರಲ್ಲೇ ಇ. ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಬಲ್ಮಠದಲ್ಲಿ ಪ್ರಸಂಗ ಮಾಡಲು ಪುಲ್ಪಿಟ್ ಹತ್ತುವ ಸರದಿ ನನಗೂ ಬರುತ್ತಿತ್ತು.

ಊಟ: ಕುಚ್ಚಲಕ್ಕಿ ಅನ್ನ ಅಭ್ಯಾಸವಾಗುತ್ತದೆ, ಆದರೂ ಮನೆಯಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಪ್ರಯಾಣ: ವಿಜಯಪುರ–ಮಂಗಳೂರು ರೈಲು ಬಾಗಲಕೋಟೆ ಮೇಲೇ ಹೋಗುತ್ತದೆ. ಮಳೆಗಾಲದಲ್ಲಿ ಸುಬ್ರಹ್ಮಣ್ಯ ಘಾಟಿನಲ್ಲಿ ಗುಡ್ಡ ಕುಸಿದರೆ ಬಸ್ಸೇ ಗತಿ.

ಬೇರೆ ಸೆಮಿನರಿಗಳೂ ಇವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದ್ದು, ಮುಂದೆ ಎಂ.ಟಿ.ಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡಿ ಪಾಠ ಹೇಳುವ ಆಸೆ ಇದ್ದರೆ ಅಲ್ಲಿಗೆ ಹೋಗಿ. ಬೆಳಗಾವಿಯವರಿಗೆ ಹತ್ತಿರ ಅಂದರೆ ಪುಣೆ. ಯವತ್ಮಾಳದಲ್ಲಿದ್ದ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಲ್ಲಿ ಅಲ್ಲಿಗೆ ಬಂತು, ಅದೂ ಬಹುಪಂಗಡದ್ದೇ. ಎರಡರಲ್ಲೂ ಪಾಠ ಇಂಗ್ಲಿಷಿನಲ್ಲಿ. ನಮ್ಮ ಚಿಕ್ಕಪ್ಪನ ಮಗ ಪುಣೆಯಲ್ಲಿ ಓದಿದ, ತುಂಬ ಚೆನ್ನಾಗಿ ಓದಿದ. ಹಳ್ಳಿ ಸಭೆಗೆ ಬಂದ ಮೇಲೆ ಕಲಿತದ್ದನ್ನು ಕನ್ನಡದಲ್ಲಿ ಹೇಳಲು ಅವನಿಗೆ ಬಹಳ ದಿನ ಹಿಡಿಯಿತು. ಬಲ್ಮಠದಲ್ಲಿ ಕನ್ನಡದಲ್ಲೇ ಪಾಠ, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕವೇ ಜಾಸ್ತಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡೇ ಓದಬೇಕು. 1847ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಸೆಮಿನರಿಯ ಪರಂಪರೆ ಅಲ್ಲಿದೆ, ಈಗಿನ ಕಾಲೇಜು 1965ರದ್ದು. ಅಲ್ಲಿನ ಹಳೆಯ ಕನ್ನಡ ಪುಸ್ತಕ, ತಾಳೆಗರಿಗಳ ಸಂಗ್ರಹವನ್ನು ತಪ್ಪದೆ ನೋಡಿ.

ನನ್ನ ಆಯ್ಕೆಗೆ ನನ್ನ ಸ್ವಭಾವವೂ ಕಾರಣ. ನಾಲ್ಕು ಜನರ ಜೊತೆ ವಾದ ಮಾಡಿದರೇ ನನಗೆ ತಲೆಗೆ ಹತ್ತುವುದು. ದುಡ್ಡಿನ ವಿಷಯಕ್ಕೆ ಬಂದರೆ, ಡಯಾಸಿಸ್ ಶಿಫಾರಸು ಸಿಕ್ಕಿದ್ದರಿಂದ ಖರ್ಚಿನ ಒಂದು ಪಾಲು ಸಭೆಯೇ ಹೊತ್ತಿತು. ಅದಿಲ್ಲದೆ ಅಷ್ಟು ವರ್ಷ ಊರು ಬಿಟ್ಟು ಓದುವುದು ನಮ್ಮಂಥ ಮನೆಗೆ ಆಗುತ್ತಿರಲಿಲ್ಲ. ಶಿಫಾರಸು ಇನ್ನೂ ಸಿಗದವರು ಸಾಲ ಮಾಡಿ ಓಡಬೇಡಿ. ಒಂದು ವರ್ಷ ಸಭೆಯಲ್ಲಿ ಕೆಲಸ ಮಾಡಿ, ಮತ್ತೆ ಕೇಳಿ.

ನಮ್ಮ ಅತ್ತಿಗೆಗೂ ಓದುವ ಆಸೆ ಇದೆ. ಇಬ್ಬರು ಸಣ್ಣ ಮಕ್ಕಳು, ಅಂಗನವಾಡಿ ಕೆಲಸ. ಅವರಿಗೆ ಬಲ್ಮಠ ಹೇಳಲಿಲ್ಲ, ಟಾಫ್ಟಿ ಪಾಠವನ್ನೇ ತರಿಸಿಕೊಳ್ಳಿ ಅಂದೆ. ಗುಂಪು ಮುರಿದರೆ ಆ ಪಾಠ ಸಾಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಪ್ರತಿ ಗುರುವಾರ ಸಂಜೆ ನಮ್ಮ ಮನೆಯಲ್ಲೇ ಕೂಡೋಣ ಅಂತ ಹೇಳಿದ್ದೇನೆ. ಓಣಿಯ ಇನ್ನಿಬ್ಬರು ಬರುತ್ತೇವೆ ಅಂದಿದ್ದಾರೆ.