ಎರಾ-5: ಮಲೆನಾಡಿನ ಗಾಳಿಗೆ ಸೈ, ಆಗುಂಬೆಯ ಮಳೆಗೆ ಅಲ್ಲ

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲೋ ನವುಲೆಯ ಕಾಲೇಜಿನಲ್ಲೋ ಕೂತು ಶರಾವತಿ ಕೊಳ್ಳದ ನೀರಿನ ಲೆಕ್ಕ, ಗುಡ್ಡ ಕುಸಿತ, ಅಡಿಕೆಯ ಕೊಳೆರೋಗ ಇವುಗಳಲ್ಲಿ ಯಾವುದರ ಮೇಲೆ ಸಂಶೋಧನೆಗೆ ಇಳಿದರೂ ಮೊದಲು ಬೇಕಾಗುವುದು ಹತ್ತಾರು ವರ್ಷಗಳ, ಗಂಟೆ ಗಂಟೆಯ ಹವಾಮಾನ ಡೇಟಾ. ಮಲೆನಾಡಿನಲ್ಲಿ ಅಷ್ಟು ಉದ್ದದ, ತುಂಡಾಗದ ದಾಖಲೆ ಇರುವ ಕೇಂದ್ರಗಳು ಬೆರಳೆಣಿಕೆಯಷ್ಟು. ಹಾಗಾಗಿ ಕೋಡ್ ಬರೆಯುವ ಭೂವಿಜ್ಞಾನಿಗಳೆಲ್ಲ ಒಂದಲ್ಲ ಒಂದು ದಿನ ಎರಾ-5ರ ಬಾಗಿಲಿಗೆ ಹೋಗುತ್ತಾರೆ. ಯೂರೋಪಿನ ಇಸಿಎಂಡಬ್ಲ್ಯುಎಫ್ ಎಂಬ ಹವಾಮಾನ ಮುನ್ಸೂಚನೆಯ ಸಂಸ್ಥೆ ಹಳೆಯ ಅಳತೆಗಳನ್ನು ಕಂಪ್ಯೂಟರ್ ಮಾದರಿಯೊಂದಿಗೆ ಬೆಸೆದು ತಯಾರಿಸುವ ಈ ಮರುವಿಶ್ಲೇಷಣೆ 1940ರಿಂದ ಇವತ್ತಿನವರೆಗೆ, ಪ್ರತಿ ಗಂಟೆಗೆ, ಇಡೀ ಭೂಮಿಗೆ, 0.25 ಡಿಗ್ರಿ ಗ್ರಿಡ್‌ನಲ್ಲಿ ಸಿಗುತ್ತದೆ. ಕೊಡುವ ಜಾಗ ಕೋಪರ್ನಿಕಸ್ ಕ್ಲೈಮೇಟ್ ಡೇಟಾ ಸ್ಟೋರ್ ಎಂಬ ವೆಬ್‌ಸೈಟು. ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಿದರೆ ಸಾಕು.

ಈ ವಿಮರ್ಶೆ ಸೇವೆಯದ್ದೂ (ಸ್ಟೋರ್) ಹೌದು, ಸರಕಿನದ್ದೂ (ಡೇಟಾ) ಹೌದು. ಸೇವೆಗೆ ಐದಕ್ಕೆ ನಾಲ್ಕು. ಸರಕಿಗೆ ಒಂದೇ ಅಂಕ ಕೊಡಲು ಬರುವುದಿಲ್ಲ: ಗಾಳಿ, ಉಷ್ಣಾಂಶ, ತೇವಾಂಶಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು, ಘಟ್ಟದ ಅಂಚಿನ ಮಳೆಗೆ ಎರಡು. ಈ ವ್ಯತ್ಯಾಸ ಯಾಕೆ ಅನ್ನುವುದು ಗೊತ್ತಿಲ್ಲದೆ ಪ್ರಬಂಧ ಬರೆದರೆ ತಪ್ಪಾಗುತ್ತದೆ.

ಮೊದಲು ಇಳಿಸಿಕೊಳ್ಳುವ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ಹಳೆಯ ಸ್ಟೋರ್ ಮುಚ್ಚಿ ಹೊಸದು ಬಂತು. ಹಳೆಯ ಸ್ಕ್ರಿಪ್ಟನ್ನು ಸೀನಿಯರ್‌ಗಳಿಂದ ಪಡೆದವರು ಸಿಕ್ಕಿಬೀಳುವುದು ಇಲ್ಲೇ. ಸ್ಕ್ರಿಪ್ಟನ್ನು ಸ್ಟೋರ್ ಒಳಗೆ ಬಿಡುವ ಎಪಿಐ ಕೀಲಿಯ ಸಾಲಿನಲ್ಲಿ ಹಿಂದೆ ಬಳಕೆದಾರ ಸಂಖ್ಯೆ, ಕೋಲನ್, ಆಮೇಲೆ ಕೀಲಿ ಇರುತ್ತಿತ್ತು. ಈಗ ಪ್ರೊಫೈಲ್ ಪುಟದಲ್ಲಿ ಸಿಗುವ ಟೋಕನ್ ಮಾತ್ರ ಬರೆಯಬೇಕು, ವಿಳಾಸದ ಸಾಲನ್ನೂ ಬದಲಿಸಬೇಕು. ಇದಾದ ಮೇಲೂ 403 ಎರರ್ ಬಂದರೆ ಕಾರಣ ಸಾಮಾನ್ಯವಾಗಿ ಒಂದೇ: ಆ ಡೇಟಾಸೆಟ್‌ನ ಲೈಸೆನ್ಸನ್ನು ವೆಬ್‌ಸೈಟಿನಲ್ಲಿ ಒಪ್ಪಿಕೊಂಡಿಲ್ಲ. ಡೌನ್‌ಲೋಡ್ ಪುಟದ ಕೊನೆಗೆ ಹೋಗಿ ಒಪ್ಪಿಗೆಯ ಗುಂಡಿ ಒತ್ತಿ ಬಂದರೆ ಸರಿಹೋಗುತ್ತದೆ. ಪ್ರದೇಶ ಕೊಡುವಾಗ ಕ್ರಮ ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ. ಅಕ್ಷಾಂಶದ ಜೋಡಿ, ರೇಖಾಂಶದ ಜೋಡಿ ಎಂದು ಬರೆದರೆ ಎರರ್ ಬರಬಹುದು, ಇಲ್ಲವೇ ಬೇರೆ ಯಾವುದೋ ಊರಿನ ಹವೆ ಬಂದು ಕೂರಬಹುದು.

ಶಿವಮೊಗ್ಗ ಜಿಲ್ಲೆಯನ್ನು ಒಳಗೊಳ್ಳಲು 14.75, 74.5, 13.25, 76.0 ಸಾಕು. ಅಷ್ಟರಲ್ಲಿ ಬೀಳುವುದು ಏಳಕ್ಕೆ ಏಳು, ಒಟ್ಟು 49 ಬಿಂದು. ಒಂದು ಚರದ (ಉಷ್ಣಾಂಶ, ಮಳೆಯಂಥ ಒಂದು ಅಳತೆಯ) ಒಂದು ವರ್ಷದ ಗಂಟೆವಾರು ಡೇಟಾ ಎಂದರೆ 8760 ಗುಣಿಸು 49, ಪ್ರತಿ ಅಂಕಿಗೆ ನಾಲ್ಕು ಬೈಟ್ ಹಿಡಿದರೆ ಎರಡು ಎಂಬಿಗೂ ಕಡಿಮೆ. ಎಂಬತ್ತೈದು ವರ್ಷಕ್ಕೆ 150 ಎಂಬಿಯ ಒಳಗೆ. ತೀರ್ಥಹಳ್ಳಿಯ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡೂ ಇಳಿಸಬಹುದು. ಇದೇ ಚರವನ್ನು ಪ್ರದೇಶ ಕತ್ತರಿಸದೆ ಇಡೀ ಭೂಮಿಗೆ ಕೇಳಿದರೆ ವರ್ಷಕ್ಕೆ 36 ಜಿಬಿ ಆಗುತ್ತದೆ. ಮುಂಗಾರಿನ ಮಾರುತ ಬರುವ ಅರಬ್ಬಿ ಸಮುದ್ರವೂ ಬೇಕೆಂದರೆ 5ರಿಂದ 20 ಡಿಗ್ರಿ ಉತ್ತರ, 60ರಿಂದ 80 ಡಿಗ್ರಿ ಪೂರ್ವ ತೆಗೆದುಕೊಳ್ಳಿ. ಆಗ ಒಂದು ಎತ್ತರದ ಒಂದು ಚರಕ್ಕೆ ವರ್ಷಕ್ಕೆ ಸುಮಾರು 173 ಎಂಬಿ ಆಗುತ್ತದೆ, ಅದೂ ಹೊರೆಯಲ್ಲ.

ಕಾಯಬೇಕಾಗಿರುವುದು ನೆಟ್‌ವರ್ಕಿಗಲ್ಲ, ಸರತಿಗೆ. ಒಂದು ಕೋರಿಕೆ ಕೆಲವೊಮ್ಮೆ ಹತ್ತು ನಿಮಿಷದಲ್ಲಿ, ಕೆಲವೊಮ್ಮೆ ಮರುದಿನ ಮುಗಿಯುತ್ತದೆ. ಹತ್ತು ವರ್ಷ, ಇಪ್ಪತ್ತು ಚರವನ್ನು ಒಟ್ಟಿಗೆ ಕೇಳುವುದು ದುಡುಕು. ಕೋರಿಕೆ ದೊಡ್ಡದಾದಷ್ಟೂ ಸರತಿಯಲ್ಲಿ ಹಿಂದೆ ಬೀಳುತ್ತದೆ, ಮಿತಿ ಮೀರಿದರೆ ತಿರಸ್ಕಾರವೇ. ಅವರ ಸಂಗ್ರಹದ ಟೇಪಿನಲ್ಲಿ ಡೇಟಾ ಜೋಡಿಸಿರುವುದು ತಿಂಗಳ ಲೆಕ್ಕದಲ್ಲಿ, ಆದ್ದರಿಂದ ಒಂದು ಕೋರಿಕೆಗೆ ಒಂದು ತಿಂಗಳು ಅಥವಾ ಒಂದು ವರ್ಷದಂತೆ ಲೂಪ್ ಓಡಿಸುವುದು ಒಳ್ಳೆಯದು. ಆಷಾಢದಲ್ಲಿ ಗಾಳಿ ಎದ್ದಾಗ ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ಸಮಾಧಾನದ ಸಂಗತಿ ಎಂದರೆ ಕೋರಿಕೆ ಓಡುವುದು ಅವರ ಯಂತ್ರದಲ್ಲಿ. ನಿಮ್ಮ ಕಂಪ್ಯೂಟರ್ ಆರಿಹೋದರೂ ವೆಬ್‌ಸೈಟಿನ ನಿಮ್ಮ ಕೋರಿಕೆಗಳ ಪುಟದಲ್ಲಿ ಮುಗಿದ ಫೈಲು ಕೆಲ ದಿನ ಕಾಯುತ್ತಿರುತ್ತದೆ. ಅರ್ಧ ಇಳಿದ ಫೈಲೇ ನಿಜವಾದ ಶತ್ರು. ಹೆಸರು ಸರಿ ಇರುತ್ತದೆ, ತೆರೆಯಹೋದರೆ ಎಚ್‌ಡಿಎಫ್ ಎರರ್ ಬರುತ್ತದೆ, ಮುಂದಿನ ಲೂಪ್ ಆ ಫೈಲು ಇದೆ ಎಂದುಕೊಂಡು ದಾಟಿಹೋಗುತ್ತದೆ. ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಪೈಥಾನ್‌ನ ಎಕ್ಸ್‌ಅರೇ ಲೈಬ್ರರಿಯಿಂದ ತೆರೆದು ಗಂಟೆಗಳನ್ನು ಎಣಿಸಿ, ಜುಲೈಗೆ 744 ಬಂದರೆ ಮಾತ್ರ ಕೊನೆಯ ಹೆಸರಿಡಿ. ಇಷ್ಟು ಎಚ್ಚರ ತಪ್ಪಿದರೆ ಸರಣಿಯ ನಡುವೆ ಒಂದು ತಿಂಗಳು ಮಾಯವಾಗಿರುವುದು ಪ್ರಬಂಧದ ಚಿತ್ರ ಬರೆಯುವ ದಿನ ಗೊತ್ತಾಗುತ್ತದೆ.

ಹೊಸ ಸ್ಟೋರ್‌ನ ನೆಟ್‌ಸಿಡಿಎಫ್ ಫೈಲಿನಲ್ಲಿ ಸಮಯದ ಹೆಸರು ಟೈಮ್ ಬದಲು ವ್ಯಾಲಿಡ್ ಟೈಮ್ ಆಗಿದೆ. ಉಷ್ಣಾಂಶವನ್ನೂ ಮಳೆಯನ್ನೂ ಒಂದೇ ಕೋರಿಕೆಯಲ್ಲಿ ಕೇಳಿದರೆ ಒಂದು ಜಿಪ್ ಬರುತ್ತದೆ, ಒಳಗೆ ಎರಡು ಫೈಲು: ಒಂದರಲ್ಲಿ ಆ ಕ್ಷಣದ ಚರಗಳು, ಇನ್ನೊಂದರಲ್ಲಿ ಗಂಟೆಯಲ್ಲಿ ಕೂಡಿದ ಚರಗಳು. ಮೊದಲೇ ಬೇರೆ ಬೇರೆ ಕೇಳುವುದು ನೆಮ್ಮದಿ. ಗ್ರಿಬ್ ಎಂಬ ಇನ್ನೊಂದು ಫೈಲ್ ರೂಪ ಬೇಕಾದವರು ಅದನ್ನು ಓದುವ ಸಿಎಫ್‌ಗ್ರಿಬ್ ಮತ್ತು ಇಸಿಕೋಡ್ಸ್ ಎರಡನ್ನೂ ಕೋಂಡಾ-ಫೋರ್ಜ್ ಭಂಡಾರದಿಂದ ಒಟ್ಟಿಗೆ ಹಾಕಿಕೊಳ್ಳಲಿ. ಒಂದನ್ನು ಅಲ್ಲಿಂದ, ಒಂದನ್ನು ಇಲ್ಲಿಂದ ತಂದರೆ ಆವೃತ್ತಿಗಳು ಜಗಳಕ್ಕೆ ಬೀಳುತ್ತವೆ.

ಇನ್ನು ಮಳೆ. ಸಂಶೋಧಕರು ಹೆಚ್ಚು ಎಡವುವುದು ಇಲ್ಲಿ.

ಎರಾ-5ರ ಮಳೆಯ ಮಾನ ಮೀಟರು, ಮಿಲಿಮೀಟರಿಗೆ ಸಾವಿರದಿಂದ ಗುಣಿಸಬೇಕು. ಇದು ಎಲ್ಲರಿಗೂ ಗೊತ್ತಾಗುತ್ತದೆ, ಏಕೆಂದರೆ ಅಂಕಿ ಕಣ್ಣಿಗೆ ಹೊಡೆಯುತ್ತದೆ. ದಿನದ ಗಡಿಯ ತಪ್ಪು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಎರಾ-5ರ ಗಡಿಯಾರ ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ, ಅಂದರೆ 03 ಯುಟಿಸಿ. ಜುಲೈ 10ರ ಮಳೆ ಎಂದು ಇಲಾಖೆ ಬರೆಯುವುದು 9ರ ಬೆಳಿಗ್ಗೆ 8:30ರಿಂದ 10ರ ಬೆಳಿಗ್ಗೆ 8:30ರವರೆಗೆ ಬಿದ್ದದ್ದನ್ನು. ಎರಾ-5ರಲ್ಲಿ ಪ್ರತಿ ಅಂಕಿಯೂ ಆ ಗಂಟೆಗೆ ಮುಗಿದ ಒಂದು ತಾಸಿನ ಮಳೆ. ಆದ್ದರಿಂದ ಜುಲೈ 9ರ 04 ಯುಟಿಸಿಯಿಂದ 10ರ 03 ಯುಟಿಸಿವರೆಗಿನ 24 ಅಂಕಿ ಕೂಡಬೇಕು. ಕೋಡಿನಲ್ಲಿ ಸುಲಭದ ದಾರಿ ಎಂದರೆ ಸಮಯಕ್ಕೆ 20 ಗಂಟೆ ಸೇರಿಸಿ ತಾರೀಖಿನ ಪ್ರಕಾರ ಗುಂಪು ಮಾಡುವುದು. 9ರ 04 ಗಂಟೆ 10ರ ಮಧ್ಯರಾತ್ರಿಯಾಗುತ್ತದೆ, 10ರ 03 ಗಂಟೆ 10ರ ರಾತ್ರಿ 23 ಆಗುತ್ತದೆ, 24 ಅಂಕಿಯೂ 10ನೇ ತಾರೀಖಿನೊಳಗೇ ಕೂರುತ್ತವೆ. ಹಾಗಲ್ಲದೆ ಯುಟಿಸಿ ತಾರೀಖಿಗೇ ಕೂಡಿದರೆ ಹೆಚ್ಚಿನ ಮಳೆ ಒಂದು ದಿನ ಹಿಂದಕ್ಕೆ ಸರಿದು ನಿಲ್ಲುತ್ತದೆ. ಇಲಾಖೆಯ ಮಳೆಯ ಜೊತೆಗಿನ ಸಹಸಂಬಂಧ ಕುಸಿದಾಗ ಮಾದರಿಯನ್ನು ಬೈಯುವ ಮೊದಲು ಒಂದು ದಿನ ಹಿಂದೆ, ಅದೇ ದಿನ, ಒಂದು ದಿನ ಮುಂದೆ ಹೀಗೆ ಮೂರು ಸಲ ಲೆಕ್ಕ ಮಾಡಿ ನೋಡಿ. ಗರಿಷ್ಠ ಸಹಸಂಬಂಧ ಅದೇ ದಿನಕ್ಕೆ ಬರದಿದ್ದರೆ ಮೊದಲು ಸಂಶಯಪಡಬೇಕಾದ್ದು ತಾರೀಖನ್ನು.

ಎರಾ-5 ಲ್ಯಾಂಡ್ ಎಂಬ 0.1 ಡಿಗ್ರಿಯ, 1950ರಿಂದ ಇರುವ ತಮ್ಮನ ಲೆಕ್ಕ ಬೇರೆ. ಅಲ್ಲಿ ಮಳೆ 00 ಯುಟಿಸಿಯಿಂದ ಕೂಡುತ್ತಾ ಹೋಗುತ್ತದೆ, ಇಡೀ ದಿನದ ಮೊತ್ತ ಮರುದಿನದ 00 ಗಂಟೆಯ ಅಂಕಿಯಲ್ಲಿರುತ್ತದೆ. ಅದನ್ನು ಗಂಟೆಯ ಮಳೆ ಎಂದು 24 ಅಂಕಿ ಕೂಡಿದರೆ ಆಗುಂಬೆಯಲ್ಲಿ ಮಹಾಪ್ರಳಯವೇ ಆಗಿಬಿಡುತ್ತದೆ. ಸರಿಯಾದ ಸೂತ್ರ: ಜುಲೈ 10ರ 00 ಗಂಟೆಯ ಅಂಕಿಯಿಂದ 9ರ 03 ಗಂಟೆಯ ಅಂಕಿ ಕಳೆದು, 10ರ 03 ಗಂಟೆಯ ಅಂಕಿ ಕೂಡಿಸಿ. ಗೂಗಲ್ ಅರ್ಥ್ ಎಂಜಿನ್‌ನ ಎರಾ-5 ಲ್ಯಾಂಡ್ ಪ್ರತಿಯಲ್ಲಿ ಗಂಟೆಗೆ ಬಿಡಿಸಿದ ಮಳೆಯ ಬ್ಯಾಂಡ್ ಬೇರೆಯೇ ಇದೆ, ಸರತಿಯಲ್ಲಿ ಕಾಯಲು ಮನಸ್ಸಿಲ್ಲದವರಿಗೆ ಅದು ಅನುಕೂಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಆಗುಂಬೆಯ ಮಳೆ ಸರಿಹೋಗುವುದಿಲ್ಲ, ಏಕೆಂದರೆ ದೋಷ ಕೋಡಿನದ್ದಲ್ಲ. ಎರಾ-5ರ ಮೂಲ ಚೌಕ ಸುಮಾರು 31 ಕಿಲೋಮೀಟರಿನದ್ದು. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಿನ ಆಗುಂಬೆಗೆ ನೇರ ದೂರ ಕೆಲವೇ ಕಿಲೋಮೀಟರು, ಅಷ್ಟರಲ್ಲಿ ಐನೂರು ಮೀಟರಿಗೂ ಹೆಚ್ಚು ಏರು. ಕಡಲ ಗಾಳಿ ಈ ಗೋಡೆಗೆ ಗುದ್ದಿ ಮೇಲೇರಿದ್ದಕ್ಕೇ ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿದ ಮಳೆ. ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಸಾವಿರದ ಆಸುಪಾಸು. ಇಷ್ಟು ಕಡಿದಾದ ಇಳಿಕೆಗೆ ಮಾದರಿಯ ಬಳಿ ಇರುವುದು ಎರಡು ಮೂರು ಚೌಕ. ಮಾದರಿಯೊಳಗೆ ಘಟ್ಟ ಗೋಡೆಯಂತಿಲ್ಲ, ಕರಾವಳಿಯಿಂದ ಮೆಲ್ಲಗೆ ಏರುವ ದಿಬ್ಬದಂತಿದೆ. ಅಂಚಿನಲ್ಲಿ ಸುರಿಯಬೇಕಾದದ್ದು ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ, ದಿನದ ಗರಿಷ್ಠ ತಗ್ಗುತ್ತದೆ. ನೀವೇ ನೋಡಬಹುದು: ಜಿಯೋಪೊಟೆನ್ಶಿಯಲ್ ಎಂಬ ಸ್ಥಿರ ಚರವನ್ನು ಇಳಿಸಿ 9.80665ರಿಂದ ಭಾಗಿಸಿದರೆ ಮಾದರಿ ಅಂದುಕೊಂಡ ನೆಲದ ಎತ್ತರ ಮೀಟರಿನಲ್ಲಿ ಬರುತ್ತದೆ. ಆಗುಂಬೆಯ ನಿಜವಾದ ಎತ್ತರ 640 ಮೀಟರಿನಷ್ಟು. ಯಾವ ಸಂಶೋಧನೆಗೂ ಇದು ಮೊದಲ ದಿನದ ಕೆಲಸವಾಗಬೇಕು.

ಹಾಗಿದ್ದರೆ 0.1 ಡಿಗ್ರಿಯ ಲ್ಯಾಂಡ್ ಆವೃತ್ತಿ ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ಮಳೆಗೆ ಅಲ್ಲ. ಲ್ಯಾಂಡ್‌ನಲ್ಲಿ ಉಷ್ಣಾಂಶ, ತೇವಾಂಶ, ಒತ್ತಡಗಳನ್ನು ಎತ್ತರಕ್ಕೆ ತಕ್ಕಂತೆ ತಿದ್ದುತ್ತಾರೆ, ಮಳೆಯನ್ನು ಎರಾ-5ರಿಂದ ಬರೀ ನಡುಬಿಂದು ತುಂಬಿ ತರುತ್ತಾರೆ. ಒಂಬತ್ತು ಕಿಲೋಮೀಟರಿನ ಚಿತ್ರ ಚೆಂದ ಕಾಣುತ್ತದೆ, ಒಳಗಿನ ಮಾಹಿತಿ 31 ಕಿಲೋಮೀಟರಿನದ್ದೇ. ಜೊತೆಗೆ ನಮ್ಮ ನೆಲದ ಮಳೆಮಾಪಕಗಳ ಅಳತೆ ಎರಾ-5ರ ಒಳಗೆ ಹೋಗುವುದೂ ಇಲ್ಲ, ಅಲ್ಲಿನ ಮಳೆ ಮಾದರಿಯ ಕಿರು ಮುನ್ಸೂಚನೆಯ ಫಲ.

ಲಿಂಗನಮಕ್ಕಿಯ ಜಲಾನಯನ ಸುಮಾರು 2000 ಚದರ ಕಿಲೋಮೀಟರು, ಅಂದರೆ ಎರಡು ಮೂಲ ಚೌಕದಷ್ಟು. ಒಳಹರಿವಿನ ಮಾದರಿಗೆ ಈ ಮಳೆಯನ್ನು ನೇರ ಕೊಟ್ಟು, ಅಂಕಿ ಹೊಂದದಾಗ ಮಣ್ಣಿನ ನಿಯತಾಂಕಗಳನ್ನು ತಿರುಚಿ ಹೊಂದಿಸುವುದು ತೀರಾ ಕೆಟ್ಟ ಅಭ್ಯಾಸ. ಮಳೆಯ ಕೊರತೆಯನ್ನು ಮಣ್ಣಿನ ತಲೆಗೆ ಕಟ್ಟಿದ ಹಾಗಾಗುತ್ತದೆ. ಮಳೆಯ ಪ್ರಮಾಣಕ್ಕೆ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ತೆಗೆದುಕೊಳ್ಳಿ. 1901ರಿಂದ ಇದೆ, 135 ಗುಣಿಸು 129 ಬಿಂದು, ಇಲ್ಲದ ಜಾಗಕ್ಕೆ ಮೈನಸ್ 999. ಅದೂ ಘಟ್ಟದಲ್ಲಿ ಮಾಪಕಗಳು ವಿರಳವಾದಲ್ಲಿ ಮಸುಕಾಗುತ್ತದೆ, ಆದರೆ ಅಳೆದ ಮಳೆಯಿಂದ ಹುಟ್ಟಿದ್ದು. ಇತ್ತೀಚಿನ ವರ್ಷಗಳಿಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಳೆಯುವಂಥವು. ತೋಟದ ಮನೆಗಳ ಮಳೆ ಡೈರಿಗಳನ್ನೂ ಕಡೆಗಣಿಸಬೇಡಿ. ಅವು ಇಂಚು, ಸೆಂಟ್ಸ್ ಲೆಕ್ಕದಲ್ಲಿರುತ್ತವೆ. ಒಂದು ಸೆಂಟು 0.254 ಮಿಲಿಮೀಟರ್. ಬೆಳಿಗ್ಗೆ ಅಳೆದದ್ದನ್ನು ಆ ದಿನಕ್ಕೆ ಬರೆದರೋ ಹಿಂದಿನ ದಿನಕ್ಕೋ ಎಂದು ಡೈರಿಯವರನ್ನು ಕೇಳಿಯೇ ಅಂಕಿ ಹತ್ತಿಸಬೇಕು.

ಎರಾ-5ರ ಮಳೆಯನ್ನೇ ಬಳಸಬೇಕಾದ ಪ್ರಸಂಗ ಬಂದರೆ ದಿನದ ಬದಲು ಹದಿನಾಲ್ಕು ದಿನದ ಮೊತ್ತ ಹಿಡಿಯಿರಿ. ನಮ್ಮ ಹಿರಿಯರು ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರದ ಲೆಕ್ಕ ಇಟ್ಟದ್ದೂ ಹೆಚ್ಚುಕಮ್ಮಿ ಅಷ್ಟೇ ಅವಧಿಗೆ. ಮಳೆ ಹಿಡಿದ ವಾರ, ಬಿಟ್ಟ ವಾರದ ಏರಿಳಿತವನ್ನು ಎರಾ-5 ದಿನದ ಅಂಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ತಿದ್ದುಪಡಿಗೆ ಕ್ವಾಂಟೈಲ್ ಮ್ಯಾಪಿಂಗ್ (ಮಾದರಿಯ ಮಳೆಯ ಹಂಚಿಕೆಯನ್ನು ಅಳೆದ ಮಳೆಯ ಹಂಚಿಕೆಗೆ ಹೊಂದಿಸುವುದು) ಮಾಡುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳಿಗೂ ಬೇರೆ, ಹೊಸನಗರಕ್ಕೆ ಬೇರೆ, ಶಿಕಾರಿಪುರಕ್ಕೆ ಬೇರೆ ಮಾಡಬೇಕು. 204.5 ಮಿಲಿಮೀಟರ್ ಮೀರಿದ ಅತಿಭಾರಿ ಮಳೆಯ ದಿನಗಳನ್ನು ಎಣಿಸಿ ಗುಡ್ಡ ಕುಸಿತದ ಮಿತಿ ಕಟ್ಟುವವರು ಮಾತ್ರ ಇದರ ಹತ್ತಿರ ಹೋಗಬಾರದು.

ಗಾಳಿ, ತೇವಕ್ಕೆ ಬಂದರೆ ಮಾತು ಪೂರ್ತಿ ಬೇರೆ. ಮುಂಗಾರಿನ ಕೆಳಸ್ತರದ ಮಾರುತ ಸಾವಿರಾರು ಕಿಲೋಮೀಟರ್ ಹರಿದು ಬರುವಂಥದ್ದು, ಅದಕ್ಕೆ 31 ಕಿಲೋಮೀಟರಿನ ಚೌಕ ಧಾರಾಳ. 850 ಹೆಕ್ಟೊಪಾಸ್ಕಲ್ ಒತ್ತಡದ ಸ್ತರದ, ಅಂದರೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ ನೋಡಿ ಯಾವ ವಾರ ಮಾರುತ ಬಲವಾಗಿತ್ತು ಎಂದು ಧೈರ್ಯವಾಗಿ ಹೇಳಬಹುದು. ಆವಿಯ ಸಾಗಣೆಯನ್ನು ಸ್ತರ ಸ್ತರ ಕೂಡಿ ಲೆಕ್ಕ ಹಾಕುವ ಕಷ್ಟವಿಲ್ಲ, ಪೂರ್ವಮುಖ ಮತ್ತು ಉತ್ತರಮುಖ ಆವಿ ಪ್ರವಾಹದ ಮೊತ್ತ ಸಿದ್ಧ ಚರಗಳಾಗಿಯೇ ಇವೆ. ಒಂದು ಎಚ್ಚರ ಬೇಕು. ಒತ್ತಡದ ಸ್ತರಗಳ ಡೇಟಾದಲ್ಲಿ 1000 ಹೆಕ್ಟೊಪಾಸ್ಕಲ್ ಸ್ತರ ಮಲೆನಾಡಿನಲ್ಲಿ ನೆಲದ ಕೆಳಗೆ ಬೀಳುತ್ತದೆ, ಆದರೂ ಅಲ್ಲಿ ಅಂಕಿ ತುಂಬಿರುತ್ತದೆ. ನೆಲಮಟ್ಟದ ಒತ್ತಡದ ಚರದ ಜೊತೆ ಹೋಲಿಸಿ, ಅದಕ್ಕಿಂತ ಹೆಚ್ಚಿನ ಒತ್ತಡದ ಸ್ತರಗಳನ್ನು ಅಳಿಸಿಬಿಡಬೇಕು.

ಕೊಳೆರೋಗದ ಅಧ್ಯಯನಕ್ಕೆ ಬೇಕಾದ ಗಂಟೆವಾರು ಸಾಪೇಕ್ಷ ತೇವಾಂಶ ನೆಲಮಟ್ಟದ ಡೇಟಾದಲ್ಲಿ ನೇರ ಇಲ್ಲ. ಎರಡು ಮೀಟರಿನ ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನಿಂದ ಮ್ಯಾಗ್ನಸ್ ಸೂತ್ರ ಹಾಕಿ ತೆಗೆಯಬೇಕು, ಎರಡರಿಂದಲೂ 273.15 ಕಳೆದು ಸೆಲ್ಸಿಯಸ್‌ಗೆ ತಂದ ಮೇಲೆ. ಇಲ್ಲಿ ಲ್ಯಾಂಡ್ ಆವೃತ್ತಿ ಮೇಲು. ಮಣ್ಣಿನ ತೇವ 0–7, 7–28, 28–100, 100–289 ಸೆಂಟಿಮೀಟರಿನ ನಾಲ್ಕು ಪದರದಲ್ಲಿ ಸಿಗುತ್ತದೆ, ಆದರೆ ಆ ಮಣ್ಣಿಗೆ ನೀರು ಕೊಟ್ಟದ್ದು ಮೇಲೆ ಹೇಳಿದ ಮಳೆಯೇ ಎಂಬುದು ನೆನಪಿರಲಿ. ಏರುಪೇರಿಗೆ ಬಳಸಿ, ಪ್ರಮಾಣಕ್ಕೆ ಬೇಡ.

ದೀರ್ಘಾವಧಿಯ ಪ್ರವೃತ್ತಿ ಹುಡುಕುವವರು 1979ರ ಮೊದಲಿನ ಭಾಗವನ್ನು ಬೇರೆ ಇಟ್ಟು ನೋಡಬೇಕು. ಉಪಗ್ರಹದ ಅಳತೆಗಳು ದಂಡಿಯಾಗಿ ಸೇರಿದ್ದು ಆಮೇಲೆ. ಸಮುದ್ರದ ಮೇಲಿನ ತೇವದಲ್ಲಿ ಕಾಣುವ ಜಿಗಿತ ಹವಾಗುಣದ್ದೋ ಅಳತೆಯದ್ದೋ ಎಂದು ಬಿಡಿಸುವುದು ಕಷ್ಟ. ಒಂದೇ ಲೆಕ್ಕವನ್ನು ತುಸು ತುಸು ಬದಲಿಸಿ ಓಡಿಸಿದ ಹತ್ತು ಸದಸ್ಯರ ಎನ್‌ಸೆಂಬಲ್ ಮೂರು ಗಂಟೆಗೊಮ್ಮೆ, 0.5 ಡಿಗ್ರಿಯಲ್ಲಿ ಇದೆ. ಅವುಗಳ ನಡುವಿನ ಅಂತರ ಹಳೆಯ ದಶಕಗಳಲ್ಲಿ ಎಷ್ಟು ಹಿಗ್ಗುತ್ತದೆ ಎಂದು ಒಮ್ಮೆ ಗ್ರಾಫ್ ಹಾಕಿದರೆ ಎಷ್ಟು ಹಿಂದಕ್ಕೆ ಹೋಗಬಹುದೆಂಬ ಅಂದಾಜು ಸಿಗುತ್ತದೆ.

ಕೊನೆಯ ಎರಡು ಮೂರು ತಿಂಗಳ ಡೇಟಾ ತಾತ್ಕಾಲಿಕ. ಐದು ದಿನ ತಡವಾಗಿ ಬರುವ ಈ ಭಾಗಕ್ಕೆ ಫೈಲಿನಲ್ಲಿ 0005 ಎಂಬ ಗುರುತು, ಅಂತಿಮಕ್ಕೆ 0001. ಮಳೆಗಾಲದ ನಡುವೆ ಇಳಿಸಿದ ಜುಲೈಯನ್ನು ನವೆಂಬರ್‌ನಲ್ಲಿ ಮತ್ತೆ ಇಳಿಸಿ, ಎರಡನ್ನೂ ಕಳೆದು ನೋಡಿ, ಇಳಿಸಿದ ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.