ಪೋಸ್ಟ್‌ನೋಟ್: ಚುಟುಕು, ಪುಕ್ಕಟೆ, ತೀರ್ಪು ಮಾತ್ರ ಕೇಳಬೇಡಿ

ಬ್ರಿಟನ್ ಸಂಸತ್ತಿಗೆ ತನ್ನದೇ ವಿಜ್ಞಾನ-ತಂತ್ರಜ್ಞಾನ ಕಚೇರಿ ಇದೆ, ಚಿಕ್ಕದಾಗಿ 'ಪೋಸ್ಟ್'. 1989ರಲ್ಲಿ ಹುಟ್ಟಿ 2001ರಲ್ಲಿ ಕಾಯಂ ಆದ ಈ ಕಚೇರಿ ಸಂಸದರಿಗೆಂದು ಬರೆಯುವ ಟಿಪ್ಪಣಿಯೇ ಪೋಸ್ಟ್‌ನೋಟ್. ಜೀನೋಮ್ ಎಡಿಟಿಂಗ್, ಬಯೋಮೆಟ್ರಿಕ್ಸ್, ಆಸ್ಪತ್ರೆಯಲ್ಲಿ ಎಐ ಹೀಗೆ ನೂರಾರು ವಿಷಯಗಳ ಮೇಲಿನ ಟಿಪ್ಪಣಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಓದಲು ಶುರುಮಾಡಬೇಕಾದ್ದು ಕೊನೆಯಿಂದ. ಯಾರ್‍ಯಾರನ್ನು ಮಾತಾಡಿಸಿದರು ಎಂಬ ಪಟ್ಟಿ ಅಲ್ಲಿರುತ್ತದೆ: ವಿಶ್ವವಿದ್ಯಾಲಯದವರು, ಕಂಪನಿಯವರು, ಇಲಾಖೆಯವರು, ಸ್ವಯಂಸೇವಾ ಸಂಸ್ಥೆಯವರು. ಕರಡನ್ನು ಓದಿ ತಿದ್ದಿದ ಹೊರಗಿನ ತಜ್ಞರ ಹೆಸರಿಗೆ ನಕ್ಷತ್ರದ ಗುರುತು. ಪಟ್ಟಿ ಒಂದೇ ಕಡೆ ವಾಲಿದೆಯೇ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಅಡಿಟಿಪ್ಪಣಿಗಳು. ಪ್ರತಿ ಹೇಳಿಕೆಗೂ ಮೂಲ ಕೊಟ್ಟಿರುವುದರಿಂದ, ಅನುಮಾನ ಬಂದ ಕಡೆ ನೇರ ಮೂಲಕ್ಕೇ ಹೋಗಬಹುದು.

ಇದು ಸಣ್ಣ ಸೌಕರ್ಯವಲ್ಲ. ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ ತಳಿಯಾದ ಬಿಟಿ ಬದನೆಗೆ ತಡೆ ಬಿದ್ದ 2010ರಲ್ಲೇ ನಮ್ಮ ಆರು ವಿಜ್ಞಾನ ಅಕಾಡೆಮಿಗಳು, ಬೆಂಗಳೂರಿನದೂ ಸೇರಿ, ಕುಲಾಂತರಿ ಬೆಳೆಗಳ ಬಗ್ಗೆ ಕೇಂದ್ರ ಸರ್ಕಾರಕ್ಕೆ ಜಂಟಿ ವರದಿ ಕೊಟ್ಟವು. ಅದರಲ್ಲಿ ಆಕರಗಳ ಪಟ್ಟಿಯೇ ಇರಲಿಲ್ಲ. ಕೆಲವು ಸಾಲುಗಳು ಬೆಳೆಯ ಪರ ಬರೆದ ಲೇಖನವೊಂದರಿಂದ ಎತ್ತಿದವು ಎಂದು ಬಯಲಾಗಿ, ವರದಿಯನ್ನು ತಿದ್ದಿ ಮತ್ತೆ ಕೊಡಬೇಕಾಯಿತು. ದೊಡ್ಡ ಹೆಸರುಗಳಿದ್ದವು, ಮೂಲ ತೋರಿಸುವ ಶಿಸ್ತು ಇರಲಿಲ್ಲ.

ಇನ್ನು ಕೊರತೆಗಳು. ಬರೆಯುವವರಲ್ಲಿ ಹಲವರು ಸುಮಾರು ಮೂರು ತಿಂಗಳ ಫೆಲೋಶಿಪ್‌ಗೆ ಬಂದ ಪಿಎಚ್‌ಡಿ ವಿದ್ಯಾರ್ಥಿಗಳು. ವಿಷಯದ ಹಿಡಿತ ಚೆನ್ನಾಗಿರುತ್ತದೆ, ಆದರೆ ಅವರು ಹೋದ ಮೇಲೆ ಟಿಪ್ಪಣಿ ಹಾಗೇ ಉಳಿಯುತ್ತದೆ. ಎಐ ಮೇಲಿನ ಐದು ವರ್ಷ ಹಳೆಯ ಟಿಪ್ಪಣಿಯನ್ನು ಇವತ್ತಿನದೆಂದು ಉಲ್ಲೇಖಿಸಿದರೆ ನಗೆಪಾಟಲು. ಮೊದಲು ತಾರೀಕು ನೋಡಿ. ಎರಡನೆಯದು, ಪೋಸ್ಟ್ ಶಿಫಾರಸು ಮಾಡುವುದಿಲ್ಲ. ಎಲ್ಲ ಪಕ್ಷದವರೂ ನಂಬಬೇಕೆಂದರೆ ಬೇರೆ ದಾರಿಯಿಲ್ಲ, ಒಪ್ಪೋಣ. ಆದರೂ 'ಕೆಲವರು ಹೀಗೆನ್ನುತ್ತಾರೆ, ಇತರರು ಹಾಗೆನ್ನುತ್ತಾರೆ' ಎಂಬಲ್ಲಿ ಯಾವ ಕಡೆ ಎಷ್ಟು ಪುರಾವೆಯಿದೆ ಎಂದು ಹೇಳದೆ ಜಾರಿಕೊಳ್ಳುವುದು ಸಿಟ್ಟು ತರಿಸುತ್ತದೆ.

ಆಯ್ಕೆಗಳನ್ನು ಅವುಗಳ ಸಾಧಕ-ಬಾಧಕದ ಸಮೇತ ಕೇಳುವವರಿಗೆ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಓದ ತಂತ್ರಜ್ಞಾನ ವರದಿಗಳು ಮೇಲು. ಆದರೆ ಅವು ಉದ್ದ, ಒಂದು ಸಂಜೆಗೆ ಮುಗಿಯುವುದಿಲ್ಲ. ಅಲ್ಲಿ ಇದೇ ಕೆಲಸಕ್ಕಿದ್ದ ಓಟಿಎ ಎಂಬ ತಂತ್ರಜ್ಞಾನ ಮೌಲ್ಯಮಾಪನ ಕಚೇರಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1995ರಲ್ಲಿ ಹಣ ನಿಲ್ಲಿಸಿ ಬಾಗಿಲು ಹಾಕಿತ್ತು. ಜಿಎಓ ಇದಕ್ಕೆಂದೇ ಪ್ರತ್ಯೇಕ ತಂಡ ಕಟ್ಟಿದ್ದು 2019ರಲ್ಲಿ.

ಕನ್ನಡದ ಪತ್ರಕರ್ತರಿಗೆ, ಶಾಸಕರ ಆಪ್ತ ಸಿಬ್ಬಂದಿಗೆ ಪೋಸ್ಟ್‌ನೋಟ್ ಖಂಡಿತ ಉಪಯುಕ್ತ. ತಂತ್ರಜ್ಞಾನ ವಿವರಿಸುವ ಭಾಗ ಮತ್ತು ಅಡಿಟಿಪ್ಪಣಿ ಇಟ್ಟುಕೊಳ್ಳಿ, ಬ್ರಿಟನ್ ಕಾನೂನಿನ ಭಾಗ ಬಿಡಿ. ಆ ಜಾಗಕ್ಕೆ ನಮ್ಮ ಸಂಸದೀಯ ಸ್ಥಾಯಿ ಸಮಿತಿಗಳ ವರದಿ ಹಚ್ಚಿಕೊಳ್ಳಿ. ಕುಲಾಂತರಿ ಬೆಳೆಗಾದರೆ 2012ರ ಕೃಷಿ ಸಮಿತಿಯದು, ಅಪರಾಧ ತನಿಖೆ ಮುಂತಾದವುಗಳಲ್ಲಿ ಡಿಎನ್‌ಎ ಬಳಕೆಗೆ ನಿಯಮ ತರಲಿದ್ದ, 2023ರಲ್ಲಿ ಸರ್ಕಾರ ಹಿಂಪಡೆದ ಡಿಎನ್‌ಎ ಮಸೂದೆಗಾದರೆ 2021ರದು.